ಚೊಚ್ಚಲ ಬಸುರಿಗೆ ಹೇಳಿಕೊಟ್ಟವರು

ರಾಜ್ಯೋತ್ಸವದ ಸಂಚಿಕೆಗಳಲ್ಲಿ ಅರಸರ, ಕವಿಗಳ, ಏಕೀಕರಣಕ್ಕಾಗಿ ದುಡಿದ ಮಹನೀಯರ ಚರಿತ್ರೆಯನ್ನು ಬರೆಯುವುದು ವಾಡಿಕೆ. ಆ ವಾಡಿಕೆಯನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಪ್ರತಿಯೊಂದು ಮನೆಯಲ್ಲಿಯೂ ನಡೆದು, ಚರಿತ್ರೆಯ ಗ್ರಂಥಗಳಲ್ಲಿ ಮಾತ್ರ ಮೂಲೆಗೆ ಬಿದ್ದಿರುವ ಇನ್ನೊಂದು ಸಂಗತಿಯಿದೆ. ಅದು ಹೆರಿಗೆಯ ಕೋಣೆಯ ಸಂಗತಿ. ಮೊದಲ ಸಲ ಬಸುರಾದ ಹೆಣ್ಣುಮಗಳಿಗೆ ತಿಳಿವಳಿಕೆಯ ಮಾತು ಹೇಳುವವರು ಯಾರು, ಅವಳ ಭಯಕ್ಕೆ ಆಸರೆಯಾಗುವವರು ಯಾರು ಎಂಬ ಪ್ರಶ್ನೆಗೂ ಒಂದು ಚರಿತ್ರೆಯುಂಟು. ಆ ಚರಿತ್ರೆಯ ಕೆಲವು ಮುಖ್ಯ ಘಟನೆಗಳು ನಾವು ದಿನವೂ ಓಡಾಡುವ ಈ ರೈಲು ಹಾದಿಯಲ್ಲಿಯೇ ನಡೆದಿವೆ ಎಂಬುದನ್ನು ನಮ್ಮಲ್ಲಿ ಅನೇಕರು ಗಮನಿಸಿರಲಾರರು.

ಊರಿನಲ್ಲಿ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ. ಹುಡುಗಿಗೆ ವಾಂತಿ ಆರಂಭವಾದೊಡನೆ ಅತ್ತೆಗೆ ತಿಳಿಯುತ್ತಿತ್ತು. ಅತ್ತೆಗೆ ತಿಳಿದೊಡನೆ ತವರಿಗೆ ತಿಳಿಯುತ್ತಿತ್ತು. ಐದನೆಯ ತಿಂಗಳಿಗೋ ಏಳನೆಯ ತಿಂಗಳಿಗೋ ಧಾರವಾಡ, ವಿಜಯಪುರದ ಕಡೆ ಕುಬಸದ ಕಾರ್ಯ, ಮೈಸೂರಿನ ಕಡೆ ಸೀಮಂತ, ಕರಾವಳಿಯಲ್ಲಿ ಬಯಕೆ. ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಅವಳು ಬಯಸಿದ್ದನ್ನೆಲ್ಲ ಬಡಿಸಿ, ಚೊಚ್ಚಲ ಹೆರಿಗೆಗೆಂದು ತವರಿಗೆ ಕರೆದೊಯ್ಯುವುದು. ನಮ್ಮ ನೆರೆಯ ಮರಾಠಿ ಮನೆಗಳ ‘ಡೋಹಾಳೆ ಜೇವಣ’ವೂ ಇದೇ ಬಗೆಯದು, ಅವರ ‘ಮಾಹೇರ’ವೇ ನಮ್ಮ ತವರು, ಅವರ ‘ಡಿಂಕಾಚೆ ಲಾಡೂ’ವೇ ನಮ್ಮ ಅಂಟಿನುಂಡಿ. ಈ ಶಾಸ್ತ್ರಗಳನ್ನು ಬರಿಯ ಊಟೋಪಚಾರವೆಂದು ಬಗೆಯುವವರು ಅವುಗಳ ಅರ್ಧವನ್ನು ಮಾತ್ರ ಕಂಡಂತೆ. ಆರತಿ ಮುಗಿದ ಮೇಲೆ ಹೆತ್ತು ಅನುಭವಿಸಿದ ಹತ್ತಾರು ಹೆಂಗಸರು ಚೊಚ್ಚಲ ಬಸುರಿಯ ಸುತ್ತ ಕುಳಿತು, ನೋವು ಹೇಗೆ ಬರುತ್ತದೆ, ನೀರೊಡೆಯುವುದೆಂದರೇನು, ಯಾವುದು ಸುಳ್ಳು ನೋವು, ಯಾವುದು ನಿಜವಾದ ನೋವು ಎಂದು ನಗೆಯಾಡುತ್ತ ಹೇಳುತ್ತಿದ್ದರಲ್ಲ, ಅದೇ ಅಂದಿನ ಪಾಠಶಾಲೆ. ಪಾಠವೆಂಬ ಹೆಸರಿಲ್ಲದೆ ನಡೆಯುತ್ತಿದ್ದುದರಿಂದ ಯಾರಿಗೂ ಸಂಕೋಚವಿರಲಿಲ್ಲ.

ಹೆರಿಗೆಯ ಹೊತ್ತಿಗೆ ಸೂಲಗಿತ್ತಿ ಬರುತ್ತಿದ್ದಳು. ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರನ್ನು ಕೇಳದ ಕನ್ನಡಿಗರು ವಿರಳ. ಕೂಲಿ ಕೇಳದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದ ಆ ಮಹಾತಾಯಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅಕ್ಷರ ಬಾರದ ಕೈಗಳಿಗೆ ದೇಶವು ತಡವಾಗಿಯಾದರೂ ನಮಸ್ಕರಿಸಿತು.

ಹಾಗೆಂದು ಹಳೆಯದೆಲ್ಲ ಹೊನ್ನೆಂದು ನಾವು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಸ್ವಾತಂತ್ರ್ಯಕ್ಕೆ ಮುಂಚೆ, 1946ರಲ್ಲಿ, ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಸಮಿತಿಯು ದೇಶದ ಆರೋಗ್ಯಸ್ಥಿತಿಯ ವರದಿಯನ್ನು ಒಪ್ಪಿಸಿತು. ಬಸುರು-ಹೆರಿಗೆಯ ಕಾರಣದಿಂದ ವರ್ಷಕ್ಕೆ ಸುಮಾರು 2 ಲಕ್ಷ ಹೆಂಗಸರು ಸಾಯುತ್ತಾರೆ, ಅಂದರೆ ಸಾವಿರ ಹೆರಿಗೆಗಳಿಗೆ ಸುಮಾರು 20 ತಾಯಂದಿರು, ಎಂಬುದು ಆ ಸಮಿತಿಯ ಅಂದಾಜು. ಆ ಲೆಕ್ಕದಲ್ಲಿ ನಮ್ಮ ಅಜ್ಜಿಯರ ಅಕ್ಕತಂಗಿಯರೂ ಇದ್ದರು. ‘ಮೊದಲ ಹೆರಿಗೆಯಲ್ಲಿ ಹೋದಳು’ ಎಂಬ ಒಂದೇ ವಾಕ್ಯದಲ್ಲಿ ಮುಗಿದುಹೋದ ಹೆಸರು ಯಾವ ಮನೆತನದ ವಂಶಾವಳಿಯಲ್ಲಿ ಇಲ್ಲ? ಹಳೆಯ ಪಾಠಶಾಲೆಗೆ ಪ್ರೀತಿ ಗೊತ್ತಿತ್ತು, ಅನುಭವ ಗೊತ್ತಿತ್ತು. ರಕ್ತದ ಒತ್ತಡ ಗೊತ್ತಿರಲಿಲ್ಲ.

ಈಗ ಕಲ್ಯಾಣಕ್ಕೆ ಬರೋಣ. ಬದಲಾಪುರದಿಂದ ಲೋಕಲ್ ಗಾಡಿಯಲ್ಲಿ ಅರ್ಧ ತಾಸಿನೊಳಗಿನ ದಾರಿ. 1854ರಲ್ಲಿ ಅಲ್ಲಿಗೆ ರೈಲು ಬಂದಿತು. ಹನ್ನೊಂದು ವರ್ಷಗಳ ತರುವಾಯ, 1865ರ ಮಾರ್ಚ್ 31ರಂದು, ಕಲ್ಯಾಣದ ಜೋಶಿ ಮನೆತನದ ಗಣಪತರಾಯರಿಗೆ ಒಬ್ಬ ಮಗಳು ಹುಟ್ಟಿದಳು. ಹುಟ್ಟಿದ್ದು ಪುಣೆಯಲ್ಲಿ, ಬೆಳೆದದ್ದು ಕಲ್ಯಾಣದಲ್ಲಿ; ಹೆಸರು ಯಮುನಾ. ಅವಳ ಒಂಬತ್ತನೆಯ ವಯಸ್ಸಿನಲ್ಲಿ, ಕಲ್ಯಾಣದ ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಗೋಪಾಳರಾವ್ ಜೋಶಿ ಎಂಬ ವಿಧುರರಿಗೆ ಕೊಟ್ಟು ಮದುವೆ ಮಾಡಿದರು. ಗಂಡನಿಗೆ ಅವಳಿಗಿಂತ ಸುಮಾರು ಇಪ್ಪತ್ತು ವರ್ಷ ಹೆಚ್ಚು. ಮದುವೆಯಲ್ಲಿ ಇಟ್ಟ ಹೆಸರು ಆನಂದಿ. ಗೋಪಾಳರಾಯರು ವಿಚಿತ್ರ ಸ್ವಭಾವದವರು. ಹೆಂಡತಿ ಓದಲೇಬೇಕೆಂಬ ಹಟದವರು. ಅವರ ಹಟದಲ್ಲಿ ಒರಟುತನವೂ ಬೆರೆತಿತ್ತೆಂದು ಚರಿತ್ರಕಾರರು ಬರೆದಿದ್ದಾರೆ.

ಹದಿನಾಲ್ಕರ ಎಳೆಯ ವಯಸ್ಸಿನಲ್ಲಿ ಆನಂದಿ ಗಂಡುಮಗುವನ್ನು ಹೆತ್ತಳು. ಮಗು ಹತ್ತು ದಿನ ಬದುಕಿತು. ತಕ್ಕ ವೈದ್ಯೋಪಚಾರ ದೊರೆತಿದ್ದರೆ ಉಳಿಯುತ್ತಿತ್ತೆಂಬ ಅಳಲು ಆ ತಾಯಿಯ ಮನಸ್ಸಿನಲ್ಲಿ ನೆಟ್ಟಿತು. ಪುರುಷ ವೈದ್ಯರ ಮುಂದೆ ಹೆಂಗಸರು ತಮ್ಮ ತೊಂದರೆಯನ್ನು ಹೇಳಿಕೊಳ್ಳಲಾರದ, ಸ್ತ್ರೀವೈದ್ಯೆಯರೇ ಇಲ್ಲದ ಕಾಲ ಅದು. ಅಂಥ ದುಃಖವನ್ನು ನುಂಗಿಕೊಂಡು ಸುಮ್ಮನಾದ ತಾಯಂದಿರು ಲಕ್ಷಾಂತರ. ಈಕೆ ಮಾತ್ರ ತಾನೇ ವೈದ್ಯಳಾಗುವೆನೆಂದು ಹೊರಟಳು. 1883ರ ಏಪ್ರಿಲಿನಲ್ಲಿ ಕಲಕತ್ತೆಯಿಂದ ಹಡಗು ಹತ್ತಿ, ಗಂಡನನ್ನು ಇಲ್ಲಿಯೇ ಬಿಟ್ಟು, ಜೂನ್ ತಿಂಗಳಲ್ಲಿ ಅಮೆರಿಕವನ್ನು ಮುಟ್ಟಿ, ಪೆನ್ಸಿಲ್ವೇನಿಯದ ಮಹಿಳಾ ವೈದ್ಯಕೀಯ ಕಾಲೇಜನ್ನು ಸೇರಿದಳು. 1886ರ ಮಾರ್ಚ್ 11ರಂದು ಎಂ.ಡಿ. ಪದವಿ ಕೈಗೆ ಬಂದಿತು. ಪದವಿಗಾಗಿ ಅವರು ಆರಿಸಿಕೊಂಡ ಪ್ರಬಂಧದ ವಿಷಯ ಯಾವುದು? ಆರ್ಯ ಹಿಂದೂಗಳಲ್ಲಿ ಪ್ರಸೂತಿ ಶಾಸ್ತ್ರ! ಹತ್ತು ದಿನದ ಕೂಸಿನ ನೆನಪು ಎಲ್ಲಿಗೆ ತಂದು ನಿಲ್ಲಿಸಿತು ನೋಡಿ.

ಆ ಪದವಿದಾನದ ಸಮಾರಂಭವನ್ನು ನೋಡಲೆಂದು ಸಮುದ್ರ ದಾಟಿ ಬಂದು ಸಭೆಯಲ್ಲಿ ಕುಳಿತಿದ್ದವರು ಪಂಡಿತಾ ರಮಾಬಾಯಿಯವರು. ರಮಾಬಾಯಿ ಆನಂದಿಯವರಿಗೆ ಬಂಧು. ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಹೀಗೆ ಕಲ್ಯಾಣದ ಮಗಳ ಸಂತೋಷಕ್ಕೆ ಕನ್ನಡ ನೆಲದಲ್ಲಿ ಹುಟ್ಟಿದವರೊಬ್ಬರು ಸಾಕ್ಷಿಯಾಗಿದ್ದರು. ಆನಂದಿಯವರಿಗೆ ಕೊಲ್ಹಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಸ್ತ್ರೀ ವಿಭಾಗದ ಮೇಲ್ವಿಚಾರಣೆ ಗೊತ್ತಾಗಿತ್ತು. ಆದರೆ ಕ್ಷಯರೋಗ ಅವರನ್ನು ಬಿಡಲಿಲ್ಲ. 1887ರ ಫೆಬ್ರವರಿ 26ರಂದು ಪುಣೆಯಲ್ಲಿ ತೀರಿಕೊಂಡಾಗ ಅವರಿಗೆ ಇಪ್ಪತ್ತೆರಡು ತುಂಬಿರಲಿಲ್ಲ. ಒಬ್ಬ ಬಸುರಿಯ ನಾಡಿಯನ್ನೂ ತನ್ನ ನಾಡಿನಲ್ಲಿ ವೈದ್ಯಳಾಗಿ ಹಿಡಿದು ನೋಡುವ ಅವಕಾಶ ಅವರಿಗೆ ದೊರೆಯಲಿಲ್ಲವೆಂದೇ ಹೇಳಬೇಕು. ಕಲ್ಯಾಣದ ನಿಲ್ದಾಣದಲ್ಲಿ ಗಾಡಿ ಬದಲಿಸುವಾಗ ನಮಗೆ ಒಮ್ಮೊಮ್ಮೆ ಈ ಹುಡುಗಿಯ ನೆನಪಾಗುತ್ತದೆ.

ಆನಂದಿಯವರು ಪದವಿ ಪಡೆದ 1886ರಲ್ಲಿಯೇ ಮುಂಬಯಿಯಲ್ಲಿ ಪೇಸ್ತನ್‌ಜೀ ಹೋರ್ಮಸ್‌ಜೀ ಕಾಮಾ ಎಂಬ ಪಾರಸೀ ದಾನಿಗಳ ಹಣದಿಂದ ಕಟ್ಟಿದ ಕಾಮಾ ಆಸ್ಪತ್ರೆ ಬಾಗಿಲು ತೆರೆಯಿತು. ಹೆಂಗಸರನ್ನು ಹೆಂಗಸರೇ ನೋಡಿಕೊಳ್ಳುವ ಆಸ್ಪತ್ರೆ. ಅದಕ್ಕೆ ಒಂದು ವರ್ಷ ಮೊದಲು, 1885ರಲ್ಲಿ, ಲೇಡಿ ಡಫರಿನ್ ನಿಧಿ ಆರಂಭವಾಗಿ ಅನೇಕ ಪಟ್ಟಣಗಳಲ್ಲಿ ಹೆಣ್ಣುಮಕ್ಕಳ ಆಸ್ಪತ್ರೆಗಳಿಗೆ ದಾರಿಯಾಗಿತ್ತು. ಆದರೂ ಈ ಆಸ್ಪತ್ರೆಗಳಿಗೆ ಹೆಂಗಸರು ಬರುತ್ತಿದ್ದುದು ನೋವು ಮಿತಿಮೀರಿದಾಗ. ನೋವು ಬರುವ ಮೊದಲೇ, ಆರೋಗ್ಯವಾಗಿರುವಾಗಲೇ, ಬಸುರಿಯನ್ನು ಕಂಡು ಮಾತಾಡಿಸಬೇಕು ಎಂಬ ವಿಚಾರ ಜಗತ್ತಿಗೇ ಹೊಸದು. ಎಡಿನ್‌ಬರೋದ ಬ್ಯಾಲಂಟೈನ್ ಎಂಬ ವೈದ್ಯರು 1901ರಲ್ಲಿ ಅದನ್ನು ಬಲವಾಗಿ ಮಂಡಿಸಿದರು. ಇಂದು ನಮ್ಮ ಹೆಣ್ಣುಮಕ್ಕಳು ‘ಚೆಕಪ್ಪಿಗೆ ಹೋಗಬೇಕು’ ಎಂದು ಸಹಜವಾಗಿ ಹೇಳುವ ಮಾತಿಗೆ ನೂರಿಪ್ಪತ್ತೈದು ವರ್ಷದ ಆಯುಸ್ಸು, ಅಷ್ಟೆ.

ಇನ್ನು ಪರೇಲಿಗೆ ಹೋಗೋಣ. ಇದು ನಮ್ಮ ಕಥೆಯ ತಿರುಳು.

1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದರು. ಗಿರಣಿಗಳಲ್ಲಿ ದುಡಿಯುವ ಬಡ ಹೆಂಗಸರು ಬಸುರಾದಾಗ ವಿಪರೀತ ರಕ್ತಹೀನತೆಯಿಂದ ಬಿಳಿಚಿಕೊಂಡು, ಅನೇಕರು ಹೆರಿಗೆಗೆ ಮುನ್ನವೋ ಅನಂತರವೋ ಸಾಯುತ್ತಿದ್ದರು. ಇದರ ಕಾರಣವನ್ನು ಹುಡುಕಲು ಅವರನ್ನು ಇಲ್ಲಿಗೆ ಕರೆಸಿದವರು ಮಾರ್ಗರೆಟ್ ಬಾಲ್ಫೋರ್ ಎಂಬ ಹಿರಿಯ ವೈದ್ಯೆ. ಪರೇಲಿನ ಹಾಫ್ಕಿನ್ ಸಂಸ್ಥೆಯಲ್ಲಿ ಪ್ರಯೋಗಶಾಲೆ. ಕಾಮಾ ಆಸ್ಪತ್ರೆಯಲ್ಲಿ ರೋಗಿಗಳು. ವಿಲ್ಸ್ ಮೊದಲು ರೋಗಾಣುವನ್ನು ಹುಡುಕಿದರು, ಸಿಗಲಿಲ್ಲ. ಆಮೇಲೆ ಆ ಹೆಂಗಸರು ಏನು ಉಣ್ಣುತ್ತಾರೆಂಬುದರ ಕಡೆ ಗಮನ ಹರಿಸಿದರು. ಸೊಪ್ಪು, ಹಣ್ಣು, ಹಾಲು, ಮಾಂಸ ಕಡಿಮೆಯಾದ ಬಡತನದ ಊಟವೇ ಮೂಲವಿರಬಹುದೆಂಬ ಶಂಕೆ ಬಲವಾಯಿತು. ಇಲಿಗಳ ಮೇಲೆ, ಅನಂತರ ಕೋತಿಗಳ ಮೇಲೆ ಪ್ರಯೋಗಗಳು ನಡೆದವು. ಕೋತಿಗೆ ಮಾರ್ಮೈಟ್ ಎಂಬ ಅಗ್ಗದ ಈಸ್ಟ್ ಸಾರವನ್ನು ತಿನ್ನಿಸಿದಾಗ ಅದು ಚೇತರಿಸಿಕೊಂಡಿತು. ಅದನ್ನೇ ಬಸುರಿಯರಿಗೂ ಕೊಟ್ಟರು. ಬಿಳಿಚಿದ್ದ ಮುಖಗಳಿಗೆ ರಕ್ತ ಬಂದಿತು. 1931ರಲ್ಲಿ ಈ ವಿಷಯ ಲಂಡನ್ನಿನ ವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಈಸ್ಟಿನಲ್ಲಿದ್ದ ಆ ಅಜ್ಞಾತ ವಸ್ತುವನ್ನು ಬಹುಕಾಲ ‘ವಿಲ್ಸ್ ಅಂಶ’ವೆಂದೇ ಕರೆಯುತ್ತಿದ್ದರು. 1941ರಲ್ಲಿ ಪಾಲಕ ಸೊಪ್ಪಿನಿಂದ ಅದೇ ಜಾತಿಯ ವಸ್ತುವನ್ನು ಬೇರ್ಪಡಿಸಿದವರು, ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲ ಎಂಬ ಹೆಸರನ್ನಿಟ್ಟರು. ತಾಯಿಯ ರಕ್ತಕ್ಕಷ್ಟೇ ಅಲ್ಲ, ಕೂಸಿನ ಮಿದುಳು-ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳುವುದಕ್ಕೂ ಅದು ಬೇಕೆಂಬುದು 1991ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಿಂದ ಸ್ಥಿರಪಟ್ಟಿತು.

ಆದುದರಿಂದ ನಮ್ಮ ಸೊಸೆಯಂದಿರಿಗೆ ಮೊದಲ ಮೂರು ತಿಂಗಳು ಕೊಡುವ ಫೋಲಿಕ್ ಮಾತ್ರೆಯಾಗಲಿ, ಆಮೇಲೆ ಕೊಡುವ ಕಬ್ಬಿಣ ಬೆರೆತ ಕೆಂಪು ಮಾತ್ರೆಯಾಗಲಿ ಪರದೇಶದಿಂದ ನೇರವಾಗಿ ಇಳಿದದ್ದಲ್ಲ. ಅದರ ಬೇರು ಪರೇಲಿನಲ್ಲಿದೆ, ಮುಂಬಯಿಯ ಗಿರಣಿ ಹೆಂಗಸರ ಕಷ್ಟದಲ್ಲಿದೆ. ಕನಿಷ್ಠ 180 ದಿನ ಅದನ್ನು ನುಂಗಬೇಕೆಂಬುದು ಇಂದಿನ ಸರ್ಕಾರಿ ನಿಯಮ. ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ, ಮಗು ಬಹಳ ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಮಾತುಗಳು ನಮ್ಮ ಹಿರಿಯರಲ್ಲಿ ಕೆಲವರಿಂದ ಇನ್ನೂ ಬರುತ್ತವೆ. ಮಲ ಕಪ್ಪಾಗುವುದುಂಟು, ಮಗುವಿನ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ಮಾತ್ರೆ ತೆಗೆದುಕೊಂಡ ಕೂಡಲೆ ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ನಿಂಬೆಹಣ್ಣಿನ ಪಾನಕದೊಡನೆ ಚೆನ್ನಾಗಿ ಹತ್ತುತ್ತದೆ. ಹರಿವೆ, ಬಸಳೆ, ಮೆಂತ್ಯದ ಸೊಪ್ಪು, ಹೆಸರುಕಾಳು ನಮ್ಮ ಅಡಿಗೆಮನೆಗೆ ಹೊಸತಲ್ಲ. ಬಸಳೆಯಂತೂ ಕರಾವಳಿಯವರು ಇಲ್ಲಿಯ ಬಾಲ್ಕನಿಯ ಕುಂಡದಲ್ಲಿಯೂ ಹಬ್ಬಿಸಿದ್ದಾರೆ!

ಅದೇ ಕಾಲದಲ್ಲಿ ಕಾನೂನೂ ಒಂದು ಹೆಜ್ಜೆ ಇಟ್ಟಿತು. ಗಿರಣಿಯ ಹೆಂಗಸು ಹೆರಿಗೆಯ ಹಿಂದುಮುಂದಿನ ದಿನಗಳಲ್ಲಿ ಕೂಲಿ ಕಳೆದುಕೊಳ್ಳದೆ ವಿಶ್ರಾಂತಿ ಪಡೆಯಬೇಕೆಂಬ ಮಸೂದೆ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಚರ್ಚೆಗೆ ಬಂದಾಗ, 1928ರಲ್ಲಿ, ಡಾ. ಬಿ. ಆರ್. ಅಂಬೇಡ್ಕರರು ಅದನ್ನು ಬೆಂಬಲಿಸಿ ಮಾತಾಡಿದರು. ಹೆರಿಗೆಗೆ ಮುಂಚೆ ತಾಯಿಗೆ ಬಿಡುವು ದೊರೆಯುವುದು ರಾಷ್ಟ್ರದ ಹಿತದ ಪ್ರಶ್ನೆಯೆಂಬುದು ಅವರ ವಾದ. 1929ರ ಮುಂಬಯಿ ಹೆರಿಗೆ ಸೌಲಭ್ಯ ಕಾಯಿದೆ ದೇಶದಲ್ಲಿಯೇ ಮೊದಲನೆಯದು. ಇಡೀ ದೇಶಕ್ಕೆ ಅನ್ವಯಿಸುವ ಕಾಯಿದೆ 1961ರಲ್ಲಿ ಬಂದಿತು. 2017ರ ತಿದ್ದುಪಡಿಯಿಂದ ಮೊದಲೆರಡು ಮಕ್ಕಳಿಗೆ ವೇತನಸಹಿತ ರಜೆ 26 ವಾರಗಳಾಯಿತು. ಬದಲಾಪುರದಿಂದ ಬೆಳಗಿನ ಲೋಕಲ್ ಹಿಡಿದು ಕಚೇರಿಗೆ ಹೋಗುವ ನಮ್ಮ ಹೆಣ್ಣುಮಕ್ಕಳು ಈ ಹಕ್ಕನ್ನು ತಿಳಿದಿರಬೇಕು. ಬೇಡಿ ಪಡೆಯುವ ದಾನ ಅದಲ್ಲ.

ಮೈಸೂರು ಸಂಸ್ಥಾನದ ಮಾತನ್ನು ಬಿಟ್ಟರೆ ಕನ್ನಡಿಗರ ಚರಿತ್ರೆ ಪೂರ್ತಿಯಾಗದು. ಸಂತತಿ ನಿಯಂತ್ರಣದ ಸಲಹಾ ಕೇಂದ್ರಗಳನ್ನು ಸರ್ಕಾರದ ವತಿಯಿಂದಲೇ ತೆರೆಯಲು 1930ರಲ್ಲಿ ಅಪ್ಪಣೆ ಕೊಟ್ಟ ಸಂಸ್ಥಾನವದು. ಹೊರಗಿನ ದೊಡ್ಡ ದೊಡ್ಡ ರಾಷ್ಟ್ರಗಳೇ ಆ ಮಾತೆತ್ತಲು ನಾಚುತ್ತಿದ್ದ ಕಾಲ. 1935ರಲ್ಲಿ ಬೆಂಗಳೂರಿನಲ್ಲಿ ವಾಣಿವಿಲಾಸ ಆಸ್ಪತ್ರೆ ಆರಂಭವಾಯಿತು. ರಾಜಮಾತೆಯ ಹೆಸರಿನ ಆ ಆಸ್ಪತ್ರೆಯಲ್ಲಿ ಹುಟ್ಟಿದವರು ನಮ್ಮ ಸದಸ್ಯರಲ್ಲಿಯೂ ಇರಬಹುದು.

ಆದರೆ ಆಸ್ಪತ್ರೆ, ಔಷಧ, ಕಾನೂನು ಇವೆಲ್ಲ ಬಂದರೂ ಚೊಚ್ಚಲ ಬಸುರಿಯೊಡನೆ ಅವಳ ಭಾಷೆಯಲ್ಲಿ, ಅವಳ ಭಯವನ್ನು ಅರಿತು ಮಾತಾಡುವವರು ಬೇಕಲ್ಲವೆ? ಕನ್ನಡದಲ್ಲಿ ಆ ಕೆಲಸವನ್ನು ಮಾಡಿದವರಲ್ಲಿ ಡಾ. ಅನುಪಮಾ ನಿರಂಜನ ಅವರ ಹೆಸರನ್ನು ನಾವು ಮೊದಲು ನೆನೆಯಬೇಕು. 1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ವೆಂಕಟಲಕ್ಷ್ಮಿ, ಕಾದಂಬರಿಕಾರ ನಿರಂಜನರ ಕೈಹಿಡಿದು ಅನುಪಮಾ ಆದರು. ಧಾರವಾಡದಲ್ಲಿಯೂ ಬೆಂಗಳೂರಿನಲ್ಲಿಯೂ ವೈದ್ಯವೃತ್ತಿ ನಡೆಸಿದರು, ಕಾದಂಬರಿಗಳನ್ನು ಬರೆದರು, ಜೊತೆಗೆ ‘ತಾಯಿ-ಮಗು’, ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’ ಮುಂತಾದ ತಿಳಿವಳಿಕೆಯ ಪುಸ್ತಕಗಳನ್ನು ಕೊಟ್ಟರು. ‘ತಾಯಿ-ಮಗು’ ಪುಸ್ತಕವು ಮೇಲಿಂದ ಮೇಲೆ ಮುದ್ರಣಗಳನ್ನು ಕಂಡಿತು. ಅದರ ಮಹತ್ವ ಮುದ್ರಣಗಳ ಸಂಖ್ಯೆಯಲ್ಲಿಲ್ಲ. ದೇಹದ ಅಂಗಗಳ ಹೆಸರನ್ನು ಕನ್ನಡದಲ್ಲಿ ಹೇಳುವುದಕ್ಕೇ ಮುಜುಗರಪಡುತ್ತಿದ್ದ ಸಮಾಜದಲ್ಲಿ, ತಾನೂ ತಾಯಿಯಾದ ಒಬ್ಬ ವೈದ್ಯೆ ಅಕ್ಕನಂತೆ ಕೂತು ಹೇಳಿದ ಮಾತು ಅದು. ತವರಿನ ಹೆಂಗಸರ ಗುಂಪು ದೂರವಾದ ಮನೆಗಳಲ್ಲಿ ಆ ಪುಸ್ತಕ ಗುಂಪಿನ ಸ್ಥಾನದಲ್ಲಿ ನಿಂತಿತು. ಮದುವೆಯ ಉಡುಗೊರೆಯಾಗಿ ಸ್ಟೀಲ್ ಪಾತ್ರೆಗಳ ನಡುವೆ ಇಂಥ ಪುಸ್ತಕವೊಂದನ್ನು ಇಟ್ಟುಕೊಟ್ಟ ಹಿರಿಯರು ನಮ್ಮಲ್ಲಿದ್ದರು. ಹುಡುಗಿಯರು ಅದನ್ನು ಸೀರೆಯ ಮಡಿಕೆಯೊಳಗೆ ಬಚ್ಚಿಟ್ಟು ಓದುತ್ತಿದ್ದರೆಂದು ನಗುತ್ತ ಹೇಳುವ ಅಜ್ಜಿಯರೂ ಇದ್ದಾರೆ. ಅನುಪಮಾ ಅವರು 1991ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು.

ಗಡಿನಾಡಾದ ಬೆಳಗಾವಿಯ ಕೊಡುಗೆಯೂ ಚಿಕ್ಕದಲ್ಲ. ಹೆರಿಗೆಯಾದ ಮೇಲಿನ ರಕ್ತಸ್ರಾವವು ತಾಯಂದಿರ ಸಾವಿಗೆ ದೊಡ್ಡ ಕಾರಣ. ಅಲ್ಲಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರೊಡನೆ ಸೇರಿ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆಂಗಸರ ಮೇಲೆ ಒಂದು ಪರೀಕ್ಷೆ ನಡೆಸಿದರು. ದೊಡ್ಡ ಡಾಕ್ಟರಲ್ಲ, ಹಳ್ಳಿಯ ನರ್ಸಮ್ಮನೇ ಹೆರಿಗೆಯಾದೊಡನೆ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನು ನುಂಗಿಸುವುದು. ಮಾತ್ರೆ ಪಡೆಯದವರಲ್ಲಿ ನೂರಕ್ಕೆ 12 ಮಂದಿಗೆ ವಿಪರೀತ ರಕ್ತಸ್ರಾವವಾದರೆ, ಪಡೆದವರಲ್ಲಿ ಅದು 6.4ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಜಗತ್ತಿನ ಬಡ ದೇಶಗಳೆಲ್ಲ ಗಮನಿಸಿದವು.

ಸ್ವತಂತ್ರ ಭಾರತದ ಯೋಜನೆಗಳ ಪಟ್ಟಿಯನ್ನು ಇಲ್ಲಿ ಕೊಡುವುದಿಲ್ಲ, ವಾಚಕರು ಬೇಸರಪಟ್ಟಾರು. 1975ರ ಗಾಂಧಿ ಜಯಂತಿಯಂದು ಆರಂಭವಾದ ಅಂಗನವಾಡಿ ಯೋಜನೆಗೆ ಕರ್ನಾಟಕದಲ್ಲಿ ಮೊದಲು ಆರಿಸಿದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವನ್ನು ಎಂಬ ಒಂದು ಮಾತು ಸಾಕು. ಫಲವೇನೆಂದರೆ, 2018-20ರ ಸರ್ಕಾರಿ ಲೆಕ್ಕದಂತೆ ಲಕ್ಷ ಹೆರಿಗೆಗಳಿಗೆ ತಾಯಂದಿರ ಸಾವು ದೇಶದಲ್ಲಿ 97, ಕರ್ನಾಟಕದಲ್ಲಿ 69, ಮಹಾರಾಷ್ಟ್ರದಲ್ಲಿ 33, ಕೇರಳದಲ್ಲಿ 19. ಭೋರ್ ಸಮಿತಿಯ ಲೆಕ್ಕವನ್ನು ಲಕ್ಷಕ್ಕೆ ತಿರುಗಿಸಿದರೆ ಅದು 2000. ಸಂತೋಷದ ಸಂಗತಿಯೇ ಸರಿ. ಆದರೆ ನಾವು ಬಿಟ್ಟುಬಂದ ನಾಡಿನ ಅಂಕೆ, ನಾವು ಬಂದು ನೆಲೆಸಿದ ನಾಡಿನ ಅಂಕೆಗಿಂತ ಎರಡು ಪಟ್ಟು ಹೆಚ್ಚಿದ್ದುದು ರಾಜ್ಯೋತ್ಸವದ ದಿನ ನೆನಪಿಗೆ ಬಂದರೆ ಮನಸ್ಸು ಚುರುಕ್ಕೆನ್ನುತ್ತದೆ.

ಇನ್ನು ನಮ್ಮ ಮನೆಗಳ ಮಾತು. ಬದಲಾಪುರದಲ್ಲಾಗಲಿ ಡೊಂಬಿವಲಿಯಲ್ಲಾಗಲಿ ಮದುವೆಯಾಗಿ ಬಂದ ಹುಡುಗಿ ಎರಡು ಕೋಣೆಯ ಮನೆಯಲ್ಲಿ ದಿನವಿಡೀ ಒಬ್ಬಳೇ ಇರುತ್ತಾಳೆ. ಗಂಡ ಬೆಳಕು ಹರಿಯುವ ಮುನ್ನ ಗಾಡಿ ಹಿಡಿದರೆ ಮರಳುವುದು ರಾತ್ರಿ. ನೆರೆಯಾಕೆ ಒಳ್ಳೆಯವಳೇ, ಆದರೆ ಮರಾಠಿ ಇನ್ನೂ ನಾಲಗೆಗೆ ಹತ್ತಿಲ್ಲ. ಆಸ್ಪತ್ರೆಯ ಸರತಿಯಲ್ಲಿ ಎರಡು ತಾಸು ನಿಂತು, ಎರಡು ನಿಮಿಷದಲ್ಲಿ ಪರೀಕ್ಷೆ ಮುಗಿಸಿ, ಕೇಳಬೇಕೆಂದುಕೊಂಡಿದ್ದ ಒಂದು ಮಾತನ್ನೂ ಕೇಳದೆ ಹಿಂದಿರುಗಿದ ಸೊಸೆಯಂದಿರನ್ನು ನಾವು ಕಂಡಿದ್ದೇವೆ. ಸಂಜೆ ಊರಿಗೆ ಫೋನು ಮಾಡಿದಾಗ ತಾಯಿ ಗಾಬರಿಯಾದಾಳೆಂದು ‘ಏನೂ ತೊಂದರೆ ಇಲ್ಲವ್ವಾ’ ಎಂದುಬಿಡುತ್ತಾಳೆ. ಈ ‘ಏನೂ ತೊಂದರೆ ಇಲ್ಲ’ ಎಂಬ ಮಾತೇ ಅತ್ಯಂತ ಅಪಾಯದ್ದು.

ಏಕೆಂದರೆ ಹಿರಿಯರು ಗರ್ಭನಂಜು ಎಂದು ಕರೆಯುತ್ತಿದ್ದ ವ್ಯಾಧಿ, ಎಂದರೆ ಬಸುರಿನಲ್ಲಿ ರಕ್ತದೊತ್ತಡ ಏರಿ ಮೈಗೆ ವಿಷವಾಗುವ ಸ್ಥಿತಿ, ಚೊಚ್ಚಲ ಬಸುರಿಯರಲ್ಲಿಯೇ ಹೆಚ್ಚು. ಕಾಲು ಸ್ವಲ್ಪ ಬಾಯುವುದು ಸಹಜ. ಮುಖ, ಕೈ ಬಾತು ಉಂಗುರ ಬಿಗಿಯಾಗುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು ಸಹಜವಲ್ಲ. ಹಾಗೆಯೇ ರಕ್ತ ಕಾಣಿಸುವುದು, ನೀರು ಸೋರುವುದು, ಜ್ವರ, ಮಗುವಿನ ಮಿಸುಕಾಟ ಕಡಿಮೆಯಾಗುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು, ವಾಹನವಿಲ್ಲದಿದ್ದರೆ 108ಕ್ಕೆ ಕರೆಮಾಡಬೇಕು. ಇಷ್ಟನ್ನು ಸೊಸೆಗೆ ಮಾತ್ರವಲ್ಲ, ಮಗನಿಗೂ ಹೇಳಿಕೊಡಬೇಕೆಂಬುದು ನಮ್ಮ ಅಭಿಪ್ರಾಯ. ಸೀಮಂತದ ದಿನ ಗಂಡಸರನ್ನು ಹೊರಗೆ ಕೂರಿಸಿ ಊಟಕ್ಕೆ ಮಾತ್ರ ಕರೆಯುವ ಪದ್ಧತಿಯಿಂದ ಅರ್ಧ ತಿಳಿವಳಿಕೆ ಹೊರಗೇ ಉಳಿದುಹೋಗುತ್ತದೆ.

ಆಸರೆಯ ವಿಷಯದಲ್ಲಿ ಹಳೆಯವರು ಸರಿಯೆಂಬುದನ್ನು ಹೊಸ ಶಾಸ್ತ್ರವೇ ಒಪ್ಪಿಕೊಂಡಿದೆ. ಗ್ವಾಟೆಮಾಲ ದೇಶದ ಆಸ್ಪತ್ರೆಯೊಂದರಲ್ಲಿ ಚೊಚ್ಚಲ ಹೆರಿಗೆಗೆ ಬಂದ ಹೆಂಗಸರ ಬಳಿ ಬೆನ್ನು ನೀವುತ್ತ, ಧೈರ್ಯ ಹೇಳುತ್ತ ಕೂರಲು ಒಬ್ಬ ಹೆಂಗಸನ್ನು ನೇಮಿಸಿ ನೋಡಿದರು. 1980ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಒಬ್ಬಂಟಿಯಾಗಿದ್ದವರ ಹೆರಿಗೆ ಸರಾಸರಿ 19.3 ತಾಸು ಹಿಡಿದರೆ ಸಂಗಾತಿಯಿದ್ದವರದು 8.8 ತಾಸಿನಲ್ಲಿ ಮುಗಿದಿತ್ತು. ನಮ್ಮ ಸೂಲಗಿತ್ತಿ ಕೇಳಿದ್ದರೆ ‘ಇದಕ್ಕೆ ಅಷ್ಟು ದೂರ ಹೋಗಬೇಕಾಗಿತ್ತೇ’ ಎನ್ನುತ್ತಿದ್ದಳು! 2016ರಲ್ಲಿ ಭಾರತ ಸರ್ಕಾರವೂ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಸಂಗಾತಿ ಹೆಂಗಸೊಬ್ಬಳಿಗೆ ಅವಕಾಶವಿತ್ತಿತು. ಕೇಳಿದರೆ ತಾನೆ ಸಿಗುವುದು?

ಹೆತ್ತ ಮೇಲಿನ ಮನೋವ್ಯಥೆಗೂ ನಮ್ಮ ಭಾಷೆಯಲ್ಲಿ ಹೆಸರಿತ್ತು: ಬಾಣಂತಿ ಸನ್ನಿ. ಹೆಸರಿತ್ತು, ಮದ್ದಿರಲಿಲ್ಲ, ಗಾಳಿ ಸೋಕಿತೆಂದು ಬೇವಿನ ಸೊಪ್ಪಿನಿಂದ ಹೊಡೆದದ್ದೂ ಉಂಟು. ಅಂಥ ತಾಯಿಯನ್ನು ಕೂಸಿನಿಂದ ಅಗಲಿಸದೆ ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಮಾಡುವ ವಿಭಾಗವನ್ನು ದೇಶದಲ್ಲಿ ಮೊದಲು ತೆರೆದದ್ದು ಬೆಂಗಳೂರಿನ ನಿಮ್ಹಾನ್ಸ್, 2009ರಲ್ಲಿ. ಅಷ್ಟು ತೀವ್ರವಲ್ಲದ, ಸುಮ್ಮನೆ ಅಳು ಬರುವ, ಕೂಸಿನ ಮೇಲೆ ಮನಸ್ಸು ನಿಲ್ಲದ ಬೇಗುದಿ ಎಷ್ಟೋ ಬಾಣಂತಿಯರಿಗೆ ಬರುತ್ತದೆ. ಅದು ಸೋಮಾರಿತನವಲ್ಲ, ಸೊಕ್ಕೂ ಅಲ್ಲ. ಎರಡು ವಾರ ಕಳೆದರೂ ಹೋಗದಿದ್ದರೆ ವೈದ್ಯರಿಗೆ ಹೇಳಬೇಕು. ಬಾಣಂತಿಗೆ ನೀರು ಕೊಡಬಾರದು, ಮೊದಲ ದಿನದ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಕು ಎಂಬ ಎರಡು ಪದ್ಧತಿಗಳನ್ನು ಮಾತ್ರ ನಾವು ಊರಿನಿಂದ ಇಲ್ಲಿಗೆ ತರದೆ ಅಲ್ಲಿಯೇ ಬಿಟ್ಟುಬರುವುದು ಲೇಸು. ಎಣ್ಣೆನೀರು, ಅಂಟಿನುಂಡಿ, ಸಬ್ಬಸಿಗೆ ಪಲ್ಯ, ಇವು ಬರಲಿ.

ಕಡೆಯದಾಗಿ, ಚೊಚ್ಚಲಿಗೆ ತವರಿಗೆ ಹೋಗುವವರ ವಿಷಯ. ಆರೇಳು ತಿಂಗಳು ಇಲ್ಲಿಯ ವೈದ್ಯರು ನೋಡಿರುತ್ತಾರೆ. ಹೆರಿಗೆ ಮಾಡಿಸುವ ಊರಿನ ವೈದ್ಯರು ಅವಳನ್ನು ಕಾಣುವುದು ಮೊದಲ ಸಲ. ನಡುವೆ ಸೇತುವೆಯಾಗಿರುವುದು ಇಲ್ಲಿ ಕೊಡುವ ತಾಯಿ-ಮಗುವಿನ ಕಾರ್ಡು ಒಂದೇ. ಅದೇ ಜಾತಿಯ ಕಾರ್ಡಿಗೆ ಕರ್ನಾಟಕದಲ್ಲಿ ತಾಯಿ ಕಾರ್ಡು ಎನ್ನುತ್ತಾರೆ. ಬಸುರಿನ ಮೊದಲ ಮೂರು ತಿಂಗಳಲ್ಲಿಯೇ ಹೆಸರು ಬರೆಸಿ ಅದನ್ನು ಪಡೆಯಬೇಕು. ಮೊದಲ ಮಗುವಿಗೆ ಮಾತೃವಂದನಾ ಯೋಜನೆಯಿಂದ ಬರುವ 5000 ರೂಪಾಯಿಗೂ ನೋಂದಣಿ ಬೇಕು. ರಕ್ತದ ಗುಂಪು, ಒತ್ತಡದ ಅಂಕೆಗಳು, ಹಿಮೊಗ್ಲೋಬಿನ್, ಸ್ಕ್ಯಾನಿಂಗ್ ವರದಿ, ಕೊಟ್ಟ ಚುಚ್ಚುಮದ್ದು ಎಲ್ಲವೂ ಒಂದೇ ಚೀಲದಲ್ಲಿರಲಿ. ಪ್ರಯಾಣದ ದಿನವನ್ನು ಪಂಚಾಂಗದವರನ್ನು ಕೇಳುವ ಮೊದಲು ಡಾಕ್ಟರನ್ನು ಕೇಳಿರಿ. ಗರ್ಭಿಣಿಯರಿಗೆಂದು ರೈಲಿನಲ್ಲಿ ಕೆಳಗಿನ ಬರ್ತಿನ ಕೋಟಾ ಇದೆ. ಚೀಟಿ ತೆಗೆಸುವಾಗ ಅದನ್ನು ಕೇಳಿ ಪಡೆಯಬೇಕು. ಕಲ್ಯಾಣದಲ್ಲಿ ಉದ್ಯಾನ ಎಕ್ಸ್‌ಪ್ರೆಸ್ ಹತ್ತುವವರಾಗಲಿ, ಠಾಣೆಯಲ್ಲಿ ಮತ್ಸ್ಯಗಂಧ ಹಿಡಿಯುವವರಾಗಲಿ, ಆ ಕಾಗದದ ಚೀಲವನ್ನು ಸೀಟಿನಡಿಯ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡದೆ ಅವಳ ಕೈಚೀಲದಲ್ಲಿಯೇ ಇಟ್ಟುಕೊಡಿರಿ.